ಹುಬ್ಬಳ್ಳಿ-ಧಾರವಾಡ ಕಡೆ ಪಿಕಪ್ ಗಾಡಿ ಇಟ್ಟು ಬಾಡಿಗೆ ಹೊಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಪಿಕಪ್ ತಗೊಂಡು ಮಾಲು ಸಾಗಿಸುವ ಕೆಲಸ ಶುರು ಮಾಡಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳು ಇವು. ಉತ್ತರಗಳು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಪೇಟೆ ಮತ್ತು ರಸ್ತೆಗಳನ್ನು ನೋಡಿ ಬರೆದವು. ಬೆಂಗಳೂರಿನ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ಮೊದಲು ಗಾಡಿ ನೋಡಬೇಕಾ, ಕೆಲಸ ನೋಡಬೇಕಾ?

ಕೆಲಸ. ಶೋರೂಮಿಗೆ ಕಾಲಿಡುವ ಮೊದಲು ಒಂದೆರಡು ವಾರ ಅಮರಗೋಳದ ಎಪಿಎಂಸಿ, ಗೋಕುಲ ರೋಡಿನ ಕಾರ್ಖಾನೆಗಳು, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಸುತ್ತಾಡಿ. ಯಾವ ಮಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಸದ್ಯ ಯಾರ ಗಾಡಿ ಹೋಗುತ್ತಿದೆ, ಅವರ ಮೇಲೆ ಅಂಗಡಿಯವರ ದೂರು ಏನು ಅಂತ ಕೇಳಿ. ಈ ಕೊನೆಯ ಪ್ರಶ್ನೆಯೇ ಮುಖ್ಯ. "ಫೋನ್ ಎತ್ತೂದಿಲ್ರೀ", "ಹೇಳಿದ ಹೊತ್ತಿಗೆ ಬರೂದಿಲ್ಲ" ಅನ್ನುವ ದೂರು ನಾಲ್ಕು ಕಡೆ ಕೇಳಿಬಂದರೆ ನಿಮಗೆ ಜಾಗ ಇದೆ ಅಂತ ಅರ್ಥ.

ತಿಂಗಳಿಗೆ ಇಷ್ಟು ಬಾಡಿಗೆ ಕೊಡುತ್ತೇವೆ ಅಂತ ಕನಿಷ್ಠ ಇಬ್ಬರು ಬಾಯಿಮಾತಿನಲ್ಲಾದರೂ ಹೇಳುವವರೆಗೆ ಗಾಡಿ ಬುಕ್ ಮಾಡಬೇಡಿ. ಗಾಡಿ ಬಂದ ಮೇಲೆ ಕಂತು ಬಾಡಿಗೆಗೆ ಕಾಯುವುದಿಲ್ಲ.

ಯಾವ ಗಾಡಿ ಒಳ್ಳೆಯದು? ಚೋಟಾ ಹಾಥಿ ಸಾಕಾ, ಬೊಲೆರೊ ಪಿಕಪ್ ಬೇಕಾ?

ನೀವು ಹೊರುವ ಮಾಲಿನ ಮೇಲೆ ನಿಂತಿದೆ. ಚೋಟಾ ಹಾಥಿ ಅಂದರೆ ಟಾಟಾ ಏಸ್. 2005ರಲ್ಲಿ ಬಂದಾಗಿನಿಂದ ಊರೊಳಗಿನ ಕೆಲಸಕ್ಕೆ ಅದೇ ರಾಜ. ಸುಮಾರು 750 ಕೆಜಿ ಹೊರುತ್ತದೆ. ದುರ್ಗದಬೈಲ್ ಸುತ್ತಲಿನ ಇಕ್ಕಟ್ಟಾದ ಓಣಿಗಳಲ್ಲಿ ತಿರುಗುತ್ತದೆ, ಡೀಸೆಲ್ ಕಡಿಮೆ ಕುಡಿಯುತ್ತದೆ. ಕಿರಾಣಿ, ನೀರಿನ ಕ್ಯಾನ್, ಸಣ್ಣ ಮನೆಯ ಸಾಮಾನು, ಬೇಕರಿ ಮಾಲು ಇಂಥವುಗಳಿಗೆ ಇದು ಸಾಕು.

ಹಳ್ಳಿ ಮತ್ತು ಪೇಟೆ ನಡುವೆ ಓಡಾಡುವವರಿಗೆ ಬೊಲೆರೊ ಪಿಕಪ್ ಅಥವಾ ಅಶೋಕ್ ಲೇಲ್ಯಾಂಡ್ ದೋಸ್ತ್ ಸರಿ. ಮಾಡೆಲ್ ನೋಡಿ 1.25ರಿಂದ 1.7 ಟನ್‌ವರೆಗೆ ಹೊರುತ್ತವೆ. ಸಿಮೆಂಟ್ ಚೀಲ 50 ಕೆಜಿ ಅಲ್ವಾ, 1.5 ಟನ್ ಅಂದರೆ 30 ಚೀಲ. ಹತ್ತಿ, ಮೆಣಸಿನಕಾಯಿ ಮಾತ್ರ ಬೇರೆ ಲೆಕ್ಕ. ತೂಕ ತುಂಬುವ ಮೊದಲೇ ಜಾಗ ತುಂಬಿಬಿಡುತ್ತದೆ. ಅಂಥ ಮಾಲು ಜಾಸ್ತಿ ಸಿಗುವವರು ಉದ್ದನೆಯ ಬಾಡಿ ನೋಡಬೇಕು.

ಇನ್ನೊಂದು ಮಾತು. ನಿಮ್ಮ ಊರಿನ ಗ್ಯಾರೇಜಿನವರಿಗೆ ಪರಿಚಯ ಇರುವ ಗಾಡಿಯನ್ನೇ ತಗೊಳ್ಳಿ. ನರಗುಂದದಲ್ಲೋ ಶಿಗ್ಗಾಂವಿಯಲ್ಲೋ ರಾತ್ರಿ ಕ್ಲಚ್ ಹೋದರೆ ಅಲ್ಲಿಯ ಮೇಸ್ತ್ರಿ ಹತ್ತಿರ ಸಾಮಾನು ಇರಬೇಕು. ಹೊಸ ಮಾಡೆಲ್ಲಿನ ಅಂದ ಚಂದ ಆಗ ಉಪಯೋಗಕ್ಕೆ ಬರುವುದಿಲ್ಲ.

ಪಿಕಪ್ ಹಿಂದೆ ಟ್ರೇಲರ್ ಕಟ್ಟಿಕೊಂಡು ಒಂದೇ ಸಲ ಡಬಲ್ ಮಾಲು ಒಯ್ಯಬಹುದಾ?

ಹೊರದೇಶದ ವಿಡಿಯೊ ನೋಡಿದವರು ಇದನ್ನು ಕೇಳುತ್ತಾರೆ. ನಮ್ಮ ಕಡೆ ಆ ರೂಢಿ ಇಲ್ಲ. ನಮ್ಮ ಕಾನೂನಿನಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೂ ಬೇರೆ ನೋಂದಣಿ ಬೇಕು, ಬೇರೆ ವಿಮೆ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಟ್ರೇಲರ್ ಕೊಂಡಿಗೆ ಸಿಕ್ಕಿಸಿ ಹೊರಟರೆ, ಅಪಘಾತವಾದಾಗ ಪೂರ್ತಿ ಹೊರೆ ನಿಮ್ಮ ತಲೆ ಮೇಲೆ. ಮಾಲು ಜಾಸ್ತಿ ಇದ್ದರೆ ಎರಡು ಟ್ರಿಪ್ ಹೊಡೆಯಿರಿ, ಇಲ್ಲವೇ ದೊಡ್ಡ ಗಾಡಿಯವರಿಗೆ ಕೊಟ್ಟು ಕಮಿಷನ್ ಇಟ್ಟುಕೊಳ್ಳಿ.

ಮನೆಯಲ್ಲಿ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಇದೆ. ಅದರಲ್ಲೇ ಇಟ್ಟಿಗೆ, ಎಂ-ಸ್ಯಾಂಡ್ ಬಾಡಿಗೆ ಹೊಡೆದರೆ?

ಎಲ್ಲರೂ ಹೊಡೆಯುತ್ತಾರೆ, ನಿಜ. ಆದರೆ ಕೃಷಿಗೆ ಅಂತ ನೋಂದಣಿ ಮಾಡಿಸಿದ ಟ್ರ್ಯಾಕ್ಟರಿನ ವಿಮೆ ಕೃಷಿ ಕೆಲಸಕ್ಕೆ ಮಾತ್ರ. ಇಟ್ಟಿಗೆ ಹೊತ್ತಾಗ ಯಾರಿಗಾದರೂ ಗಾಡಿ ತಗುಲಿದರೆ ವಿಮೆ ಕಂಪನಿ ಮೊದಲು ನೋಡುವುದು ಅದನ್ನೇ. ಬಾಡಿಗೆಯೇ ದಂಧೆ ಆಗುವುದಾದರೆ ವಾಣಿಜ್ಯ ಬಳಕೆಗೆ ನೋಂದಣಿ ಬದಲಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳಬಹುದಾ?

ಧಾರಾಳವಾಗಿ. ಮೊದಲ ಗಾಡಿ ಹಳೆಯದಿದ್ದರೇ ಒಳ್ಳೆಯದು ಅನ್ನುವವರ ಪೈಕಿ ನಾನು. ಆದರೆ ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿದರಷ್ಟೇ ಸಾಲದು. ಗಾಡಿ ಕೆಳಗೆ ಮಲಗಿ ಚಾಸಿ ನೋಡಿ. ಪಾಟಾ (ಭಾರ ತಡೆಯುವ ಸ್ಪ್ರಿಂಗ್ ಪಟ್ಟಿ) ಹೆಚ್ಚುವರಿ ಹಾಕಿಸಿದ್ದರೆ ಗಾಡಿ ಓವರ್‌ಲೋಡ್ ಹೊತ್ತಿದೆ ಅಂತ ತಿಳಿಯಿರಿ. ಗೊಬ್ಬರ ಹೊತ್ತ ಗಾಡಿಯಾದರೆ ಬಾಡಿಯ ತಗಡು ಕೆಳಗಿನಿಂದ ತುಕ್ಕು ತಿಂದಿರುತ್ತದೆ, ಮೇಲೆ ಹೊಸ ಬಣ್ಣ ಹೊಡೆದಿರುತ್ತಾರೆ.

ಕಾಗದದಲ್ಲಿ ಸಾಲದ ಹೆಸರು ಉಳಿದಿದೆಯಾ ನೋಡಿ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸಿನ ಹೆಸರಿದ್ದರೆ ಅವರಿಂದ ಎನ್‌ಒಸಿ (ಸಾಲ ಬಾಕಿ ಇಲ್ಲ, ತಕರಾರಿಲ್ಲ ಅನ್ನುವ ಪತ್ರ) ತಂದು ಹೆಸರು ತೆಗೆಸುವವರೆಗೆ ಪೂರ್ತಿ ಹಣ ಕೊಡಬೇಡಿ. ಬಾಕಿ ಚಲನ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ತಾರೀಖು, ವಿಮೆ ತಾರೀಖು ಇವನ್ನೆಲ್ಲ ಪರಿವಾಹನ್ ಪೋರ್ಟಲಿನಲ್ಲಿ ಗಾಡಿ ನಂಬರ್ ಹಾಕಿ ನೀವೇ ನೋಡಬಹುದು. ಮಾರುವವರು "ನಮ್ಮವನ ಗಾಡಿ ಐತ್ರಿ, ಏನೂ ಚಿಂತಿ ಮಾಡಬ್ಯಾಡ್ರಿ" ಅಂದರೂ ನೋಡಿ.

ಸಾಲ ಎಲ್ಲಿ ಸಿಗುತ್ತದೆ?

ಬ್ಯಾಂಕಿನಲ್ಲಿ ಮುದ್ರಾ ಸಾಲ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಯೋಜನೆಯ ಸಾಲ) ಕೇಳಿ. ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗೆ ಇನ್ನೊಂದು ವರ್ಗ ಇದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು) ಉಚಿತ, ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಆಗುತ್ತದೆ. ಅದಕ್ಕೆ ಯಾರಿಗೂ ಸಾವಿರ ರೂಪಾಯಿ ಕೊಡಬೇಡಿ. ಅಂಬೇಡ್ಕರ್ ಅಭಿವೃದ್ಧಿ ನಿಗಮ, ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮಗಳಲ್ಲಿ ಸ್ವಾವಲಂಬಿ ಸಾರಥಿಯಂಥ ಯೋಜನೆ ಇವೆ. ಅರ್ಜಿ ಕರೆದಾಗ ಹಾಕಿ. ಆದರೆ ಸಬ್ಸಿಡಿ ಬರುತ್ತದೆ ಅಂತ ನಂಬಿಕೊಂಡು ಗಾಡಿಗೆ ಅಡ್ವಾನ್ಸ್ ಕೊಡಬೇಡಿ.

ತಿಂಗಳ ಖರ್ಚು ಎಷ್ಟು ಹಿಡಿಯಬೇಕು?

ಒಂದು ಲೆಕ್ಕ ಹಾಕೋಣ. 8 ಲಕ್ಷ ಸಾಲ, ಶೇ 10 ಬಡ್ಡಿ, 5 ವರ್ಷ ಅಂದರೆ ಕಂತು ಸುಮಾರು 17,000 ರೂಪಾಯಿ. ಮೂರನೇ ವ್ಯಕ್ತಿ ವಿಮೆಯೇ ಈ ಗಾತ್ರದ ಸರಕು ಗಾಡಿಗೆ ವರ್ಷಕ್ಕೆ 16,000ದ ಆಸುಪಾಸು, ತೆರಿಗೆ ಬೇರೆ. ಗಾಡಿಯ ಸ್ವಂತ ನಷ್ಟದ ವಿಮೆಯೂ ಸೇರಿದರೆ ತಿಂಗಳಿಗೆ 3,000 ಎತ್ತಿಡಿ. ಟೈರು, ಸರ್ವಿಸು, ಎಫ್‌ಸಿಗೆ 5,000. ಅಲ್ಲಿಗೆ 25,000 ಆಯಿತು. ತಿಂಗಳಿಗೆ 25 ದಿನ ಗಾಡಿ ಓಡಿದರೆ, ಬೆಳಿಗ್ಗೆ ಚಾವಿ ತಿರುಗಿಸುವ ಮೊದಲೇ ದಿನಕ್ಕೆ 1,000 ರೂಪಾಯಿ ಖರ್ಚು ಬಿದ್ದಿರುತ್ತದೆ. ಡೀಸೆಲ್ ಇನ್ನೂ ಹಾಕಿಲ್ಲ.

ಬಾಡಿಗೆ ಎಷ್ಟು ಹೇಳಬೇಕು?

ಮೇಲಿನ ಲೆಕ್ಕ ಕೈಯಲ್ಲಿ ಹಿಡಿದೇ ಹೇಳಿ. ಹುಬ್ಬಳ್ಳಿಯಿಂದ ಗದಗಕ್ಕೆ ಮಾಲು ಇದೆ ಅನ್ನಿ. ಹೋಗಿ ಬರಲು ಸುಮಾರು 120 ಕಿಮೀ. ಲೀಟರಿಗೆ 12 ಕಿಮೀ ಹಿಡಿದರೆ 10 ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ 900. ಗಾಡಿಯ ದಿನದ ಖರ್ಚು 1,000. ನಿಮ್ಮ ಕೂಲಿ 800. ಟೋಲ್, ಚಹಾ, ಊಟ ಬಿಟ್ಟೇ 2,700 ಆಯಿತು. "ಎರಡೂವರೆ ಸಾವಿರಕ್ಕ ಬರ್ರಿ ಅಣ್ಣಾರ, ಪಕ್ಕದ ಗಾಡಿಯವ ಅಷ್ಟಕ್ಕ ಬರ್ತಾನ" ಅಂದಾಗ ಹ್ಞೂಂ ಅಂದರೆ ನಿಮ್ಮ ಕೂಲಿಯಲ್ಲೇ 200 ಕಡಿಮೆ ಆಯಿತು. ಪಕ್ಕದ ಗಾಡಿಯವನು ಬರುವಾಗ ಬೇರೆ ಲೋಡ್ ಗೊತ್ತು ಮಾಡಿಕೊಂಡಿರಬಹುದು. ಅಥವಾ ಅವನೂ ಲೆಕ್ಕ ಹಾಕಿರಲಿಕ್ಕಿಲ್ಲ.

ಕಿಮೀಗೆ ಇಷ್ಟು ಅಂತ ಒಂದೇ ದರ ಇಟ್ಟುಕೊಳ್ಳುವುದು ಹತ್ತಿರದ ಟ್ರಿಪ್ಪಿಗೆ ಹೊಂದುವುದಿಲ್ಲ. ನವನಗರದಿಂದ ಉಣಕಲ್ಲಿಗೆ ದೂರ ಕಡಿಮೆ, ಆದರೆ ಲೋಡ್ ಮಾಡಲು ಒಂದು ತಾಸು, ಇಳಿಸಲು ಒಂದು ತಾಸು. ಊರೊಳಗೆ ಕನಿಷ್ಠ ಬಾಡಿಗೆ ಇಷ್ಟು ಅಂತ ಇಡಿ. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಲೋಡ್ ಮಾಡುವ ಮೊದಲೇ ಮೂರು ಮಾತು ಬಿಡಿಸಿ ಹೇಳಿ. ಹಮಾಲಿ ಯಾರದ್ದು? ಕಾಯಬೇಕಾದರೆ ತಾಸಿಗೆ ಎಷ್ಟು? ಹಣ ಯಾರು ಕೊಡುತ್ತಾರೆ, ಕಳಿಸುವವರಾ, ಇಳಿಸಿಕೊಳ್ಳುವವರಾ? ಜಗಳಗಳೆಲ್ಲ ಹುಟ್ಟುವುದು ಇಲ್ಲಿಯೇ. ಬಾಯಲ್ಲಿ ಹೇಳಿದ್ದನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಕಳಿಸಿಬಿಡಿ. ಎಪಿಎಂಸಿ ಒಳಗೆ ಚೀಲ ಎತ್ತುವುದು ಅಲ್ಲಿಯ ಹಮಾಲರ ಕೆಲಸ. ದುಡ್ಡು ಉಳಿಸಲು ನೀವೇ ಕೈ ಹಾಕಲು ಹೋಗಬೇಡಿ.

ಬರುವಾಗ ಖಾಲಿ ಗಾಡಿ ಬರುತ್ತದೆ. ಏನು ಮಾಡುವುದು?

ಈ ದಂಧೆಯಲ್ಲಿ ಉಳಿದವರಿಗೂ ಗಾಡಿ ಮಾರಿದವರಿಗೂ ಇರುವ ವ್ಯತ್ಯಾಸ ಇದೇ ಅಂತ ನನ್ನ ನಂಬಿಕೆ. ಮೇಲಿನ ಗದಗ ಟ್ರಿಪ್ಪಿನಲ್ಲಿ ಬರುವಾಗ 1,000 ರೂಪಾಯಿಯ ಲೋಡ್ ಸಿಕ್ಕರೆ ಹೆಚ್ಚಿನ ಡೀಸೆಲ್ ತೀರಾ ಕಡಿಮೆ, ಹೆಚ್ಚೂಕಡಿಮೆ ಪೂರ್ತಿ ಉಳಿಕೆ.

ಹಳ್ಳಿಯಿಂದ ಪೇಟೆಗೆ ಕಾಳು ಕಡಿ ಬರುತ್ತದೆ, ಪೇಟೆಯಿಂದ ಹಳ್ಳಿಗೆ ಬೀಜ, ಗೊಬ್ಬರ, ಪಶು ಆಹಾರ, ತಗಡು, ಪೈಪು, ಕಿರಾಣಿ ಹೋಗುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಎರಡು ಅಂಗಡಿಯವರ ಜೊತೆ "ನಿಮ್ಮ ಮಾಲು ಹುಬ್ಬಳ್ಳಿಯಿಂದ ಬುಧವಾರ ತರುತ್ತೇನೆ, ದರ ಸ್ವಲ್ಪ ಕಡಿಮೆ" ಅಂತ ಮಾತಾಡಿಕೊಳ್ಳಿ. ಅವರಿಗೆ ತುರ್ತು ಇರುವುದಿಲ್ಲ, ನಿಮಗೆ ಖಾಲಿ ಬರುವುದು ತಪ್ಪುತ್ತದೆ. ಗದಗ-ಬೆಟಗೇರಿಯಲ್ಲಿ ಮುದ್ರಣಾಲಯಗಳು, ಸೀರೆ ವ್ಯಾಪಾರಿಗಳು ಇದ್ದಾರೆ. ಪುಸ್ತಕದ ಕಟ್ಟು, ಬಟ್ಟೆಯ ಗಂಟು ಹುಬ್ಬಳ್ಳಿಗೆ ಬರುತ್ತಿರುತ್ತವೆ. ಇಂಥ ಎರಡು ಮೂರು ವಿಳಾಸ ಗೊತ್ತಿದ್ದರೆ ಸಾಕು. ಬೇರೆ ಗಾಡಿಯವರ ನಂಬರುಗಳನ್ನೂ ಇಟ್ಟುಕೊಳ್ಳಿ. ಅವರು ಪೈಪೋಟಿಯವರು ನಿಜ, ಆದರೆ ರಿಟರ್ನ್ ಲೋಡ್ ಸುದ್ದಿ ಸಿಗುವುದೂ ಅವರಿಂದಲೇ.

ವರ್ಷವಿಡೀ ಕೆಲಸ ಇರುತ್ತದಾ?

ಒಂದೇ ಸಮ ಇರುವುದಿಲ್ಲ. ಮೇ-ಜೂನಿನಲ್ಲಿ ಬೀಜ, ಗೊಬ್ಬರ ಹಳ್ಳಿಗೆ ಹೋಗುತ್ತದೆ. ಅದೇ ಹೊತ್ತಿಗೆ ಧಾರವಾಡದ ಕಡೆ ಮಾವು ಇಳಿಯುತ್ತಿರುತ್ತದೆ, ಜೂನಿನಲ್ಲಿ ಓದುವ ಹುಡುಗರ ರೂಮು ಬದಲಾವಣೆ. ಆಷಾಢದಲ್ಲಿ ಮದುವೆ ಇಲ್ಲ, ಮನೆ ಬದಲಿಸುವವರೂ ಇಲ್ಲ. ಮಳೆ ಬೇರೆ. ಆ ತಿಂಗಳು ಗಾಡಿಯ ದೊಡ್ಡ ರಿಪೇರಿ ಇದ್ದರೆ ಮುಗಿಸಿಕೊಳ್ಳಿ. ಆಮೇಲೆ ಹೆಸರುಕಾಳು ಬರುತ್ತದೆ, ಗಣಪತಿ ಹಬ್ಬ ಬರುತ್ತದೆ. ಹುಬ್ಬಳ್ಳಿಯಲ್ಲಿ ಗಣಪತಿ ಎಷ್ಟು ಜೋರು ಅಂತ ಹೇಳಬೇಕಾಗಿಲ್ಲ. ಮೂರ್ತಿ ಒಯ್ಯುವಾಗ ಗಾಡಿ ನಿಧಾನ ಇರಲಿ, ಕೆಳಗೆ ಹುಲ್ಲಿನ ಮೆತ್ತೆ ಹಾಕಿ.

ಸೆಪ್ಟೆಂಬರಿನಿಂದ ಉಳ್ಳಾಗಡ್ಡಿ, ಅಕ್ಟೋಬರಿನಿಂದ ಹಾವೇರಿ ಕಡೆ ಗೋವಿನಜೋಳ, ಆಮೇಲೆ ಹತ್ತಿ, ಜನವರಿಯಿಂದ ಒಣಮೆಣಸಿನಕಾಯಿ, ಫೆಬ್ರುವರಿ-ಮಾರ್ಚಿನಲ್ಲಿ ಕಡಲೆ, ಜೋಳ. ಈ ಆರೇಳು ತಿಂಗಳ ಗಳಿಕೆಯಲ್ಲಿ ಆಷಾಢದ ಕಂತು ಎತ್ತಿಟ್ಟುಕೊಂಡಿರಬೇಕು.

ಒಂದು ಎಚ್ಚರಿಕೆ. ನವಲಗುಂದ, ರೋಣ, ಅಣ್ಣಿಗೇರಿ ಕಡೆ ಎರಿ ಹೊಲ, ಅಂದರೆ ಕಪ್ಪು ಮಣ್ಣು. ಮಳೆ ಬಿದ್ದ ಮರುದಿನ ಲೋಡ್ ಹಾಕಿಕೊಂಡು ಹೊಲದೊಳಗೆ ಇಳಿದರೆ ಗಾಡಿ ಹೂತು ಹೋಗುತ್ತದೆ, ಎಳೆಯಲು ಟ್ರ್ಯಾಕ್ಟರ್ ಬೇಕು. ಟಾರ್ ರಸ್ತೆಯವರೆಗೆ ರೈತರೇ ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ತರಲಿ ಅಂತ ಮೊದಲೇ ಹೇಳಿ.

ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಗಾಡಿ ಹಾಕಬಹುದಾ?

ಸೀಸನ್ನಿನಲ್ಲಿ ಒಳ್ಳೆಯ ಕೆಲಸ. ಸೋಮವಾರ ಮತ್ತು ಗುರುವಾರ ಪೇಟೆ. ರೈತರು ಹಿಂದಿನ ದಿನವೇ ಮಾಲು ಮುಟ್ಟಿಸಲು ನೋಡುತ್ತಾರೆ, ಹಾಗಾಗಿ ರವಿವಾರ ಮತ್ತು ಬುಧವಾರ ಸಂಜೆ ಗಾಡಿಗೆ ಬೇಡಿಕೆ. ಜಾಸ್ತಿ ಆವಕ ಇದ್ದ ದಿನ ಒಳಗೆ ಹೋಗಲು ಸಾಲು ಹಚ್ಚಬೇಕು. ಆದ್ದರಿಂದ ಹಾಲ್ಟಿಂಗ್ ಬಾಡಿಗೆ (ಕಾಯುವ ಹೊತ್ತಿನ ಹಣ) ಮೊದಲೇ ಮಾತಾಡಿ. ತಾಡಪಾಲು ಹರಿದಿರಬಾರದು. ಮೆಣಸಿನಕಾಯಿಗೆ ನೀರು ತಗುಲಿದರೆ ದರ ಬಿದ್ದು ಹೋಗುತ್ತದೆ, ಹೊಣೆ ನಿಮ್ಮ ಮೇಲೆ ಬರುತ್ತದೆ. ಚೀಲ ಎಣಿಸಿ ಹಾಕಿಸಿ, ಎಣಿಸಿ ಇಳಿಸಿ.

ಓಡಿಸಲು ಬ್ಯಾಡ್ಜ್ (ಲೈಸೆನ್ಸಿನಲ್ಲಿ ಬಾಡಿಗೆ ಗಾಡಿಗೆ ಅಂತ ಬೇರೆ ಅನುಮತಿ) ಬೇಕಾ?

ಬೇಡ. ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆಜಿ ದಾಟದ ಸರಕು ಗಾಡಿ ಓಡಿಸಬಹುದು. ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು.

ಪರ್ಮಿಟ್, ಎಫ್‌ಸಿ ಬಗ್ಗೆ ಹೇಳಿ.

ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ ಎಷ್ಟಿದೆ ನೋಡಿ. ಗಾಡಿ ಮತ್ತು ಮಾಲು ಸೇರಿ 3,000 ಕೆಜಿ ದಾಟದಿದ್ದರೆ ಪರ್ಮಿಟ್ ಬೇಕಿಲ್ಲ. ದಾಟಿದರೆ ಬೇಕು. ದೊಡ್ಡ ಪಿಕಪ್ ಮಾಡೆಲ್‌ಗಳು ಇದನ್ನು ದಾಟುತ್ತವೆ, ಹಾಗಾಗಿ ಬುಕ್ ಮಾಡುವಾಗಲೇ ಕೇಳಿ. ಹಳದಿ ಬೋರ್ಡ್ ಕಡ್ಡಾಯ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆಯಬೇಡಿ. ಎಫ್‌ಸಿ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ವಿಮೆ ಇದ್ದರೆ ಮಾಲಿಗೂ ರಕ್ಷಣೆ ಇದೆ ಅಲ್ವಾ?

ಇಲ್ಲ. ಗಾಡಿ ವಿಮೆ ಬೇರೆ, ಮಾಲಿನ ವಿಮೆ ಬೇರೆ. ಫ್ರಿಜ್, ಟಿವಿ, ಯಂತ್ರದಂಥ ಬೆಲೆಬಾಳುವ ಮಾಲು ಇದ್ದರೆ ವಿಮೆ ಯಾರದ್ದು ಅಂತ ಕೇಳಿ. ಮಾಲೀಕ-ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರಲಿ. ಸಂಬಳದ ಡ್ರೈವರ್ ಇಟ್ಟರೆ ಅವರನ್ನೂ ಪಾಲಿಸಿಯಲ್ಲಿ ಸೇರಿಸಿ.

ಮಾಲಿನ ಜೊತೆ ನಾಲ್ಕು ಜನರನ್ನು ಹಿಂದೆ ಕೂಡಿಸಬಹುದಾ? ಜಾತ್ರೆಗೆ ಕೇಳುತ್ತಾರೆ.

ಬೇಡವೇ ಬೇಡ. ಸರಕು ಗಾಡಿಯಲ್ಲಿ ಸುಮ್ನೆ ಹತ್ತಿಸಿಕೊಂಡ ಜನರಿಗೆ ವಿಮೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಮಾಲಿನ ಮಾಲೀಕರು ಅಥವಾ ಅವರ ಕಡೆಯವರು ಕ್ಯಾಬಿನಿನಲ್ಲಿ ಕೂತರೆ ಅದು ಬೇರೆ. "ಮಾಮಾ, ಯಲ್ಲಮ್ಮನ ಗುಡ್ಡಕ್ಕ ಒಂದ್ ಟ್ರಿಪ್" ಅಂತ ಬೀಗರೇ ಕೇಳಿದರೂ ಬಸ್ ತೋರಿಸಿ.

ನಾಲ್ಕು ಚೀಲ ಜಾಸ್ತಿ ಹಾಕಿದರೆ ಏನಾಗುತ್ತದೆ?

ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಬಾಡಿಯಿಂದ ಹೊರಗೆ ಮಾಲು ಚಾಚಿದ್ದರೂ ದಂಡ ಬೀಳುತ್ತದೆ. ಕಬ್ಬಿಣದ ಸರಳಿನವರು ಇದನ್ನು ನೆನಪಿಡಬೇಕು. ಸರಳು 12 ಮೀಟರ್ ಉದ್ದ ಇರುತ್ತದೆ, ನಿಮ್ಮ ಬಾಡಿ ಅದರ ಕಾಲು ಭಾಗ ಇರುವುದಿಲ್ಲ. ಕೆಂಪು ಬಟ್ಟೆ ಕಟ್ಟಿದರೆ ಸರಿಹೋಯಿತು ಅನ್ನುವ ಕಾಲ ಮುಗಿದಿದೆ. ಇಟ್ಟಿಗೆ ಹಾಕುವಾಗಲೂ ಎಣಿಸಿ. ಒಂದು ಇಟ್ಟಿಗೆ 3 ಕೆಜಿ ಹಿಡಿದರೆ 500 ಇಟ್ಟಿಗೆಗೇ 1.5 ಟನ್. ಸಂಶಯ ಬಂದರೆ ಕಾಟಾದ (ಗಾಡಿ ತೂಗುವ ತಕ್ಕಡಿ) ಮೇಲೆ ಗಾಡಿ ಹಾಯಿಸಿ, ಅದರ ಚೀಟಿ ಇಟ್ಟುಕೊಳ್ಳಿ.

ದಂಡ ಹೋಗಲಿ. ಹುಬ್ಬಳ್ಳಿ-ಅಂಕೋಲಾ ದಾರಿಯ ಅರಬೈಲ್ ಘಟ್ಟದಲ್ಲಿ ಓವರ್‌ಲೋಡ್ ಗಾಡಿ ಇಳಿಸುವಾಗ ಬ್ರೇಕ್ ಕಾದು ಹಿಡಿಯದೆ ಹೋಗಬಹುದು. ಲೋಡ್ ಸರಿ ಇದ್ದರೂ ಅಲ್ಲಿ ಸಣ್ಣ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಬೇಡಿ.

ಯಾವ ಮಾಲು ಹಾಕಲೇಬಾರದು?

ಪರವಾನಗಿ ಚೀಟಿ ಇಲ್ಲದ ಮರಳು, ಎಂ-ಸ್ಯಾಂಡ್, ಜಲ್ಲಿ. ಗಣಿ ಇಲಾಖೆಯ ಪರ್ಮಿಟ್ ಕೈಯಲ್ಲಿ ಕೊಟ್ಟರೆ ಮಾತ್ರ ಹೊರಡಿ. ದನಕರು ಸಾಗಣೆಗೆ 2020ರ ಗೋಹತ್ಯೆ ತಡೆ ಕಾಯ್ದೆಯ ನಿಯಮಗಳಿವೆ, ಕಾಗದ ಸರಿ ಇಲ್ಲದಿದ್ದರೆ ಗಾಡಿ ಜಪ್ತಿ ಆಗುತ್ತದೆ. ಒಳಗೆ ಏನಿದೆ ಅಂತ ಹೇಳದ ಪೆಟ್ಟಿಗೆಯೂ ಬೇಡ.

ಜಿಎಸ್‌ಟಿ, ಇ-ವೇ ಬಿಲ್, ಆದಾಯ ತೆರಿಗೆ?

ಬಿಲ್ಟಿ (ಮಾಲು ಒಪ್ಪಿಕೊಂಡಿದ್ದಕ್ಕೆ ಟ್ರಾನ್ಸ್‌ಪೋರ್ಟಿನವರು ಕೊಡುವ ರಶೀದಿ) ಕೊಡದೆ ಬರೀ ಗಾಡಿ ಬಾಡಿಗೆ ಹೊಡೆಯುವವರ ಸಾಗಣೆಗೆ ಜಿಎಸ್‌ಟಿ ವಿನಾಯಿತಿ ಇದೆ. ಆದರೆ ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಚೀಟಿ) ಬೇಕು. ಮಾಡಿಕೊಡಬೇಕಾದವರು ಸಾಮಾನ್ಯವಾಗಿ ಮಾಲಿನವರು, ದಾರಿಯಲ್ಲಿ ಹಿಡಿದು ನಿಲ್ಲಿಸುವುದು ಮಾತ್ರ ನಿಮ್ಮ ಗಾಡಿಯನ್ನು. ಅದರ ಅವಧಿ 200 ಕಿಮೀಗೆ ಒಂದು ದಿನ. ತಾಜಾ ತರಕಾರಿಗೆ ಇದು ಬೇಡ.

ಆದಾಯ ತೆರಿಗೆಯಲ್ಲಿ ಚಿಕ್ಕ ಸರಕು ಗಾಡಿಗೆ ತಿಂಗಳಿಗೆ 7,500 ರೂಪಾಯಿ ಲಾಭ ಅಂತ ತೋರಿಸಿ, ಲೆಕ್ಕದ ಪುಸ್ತಕ ಇಡದೆ ರಿಟರ್ನ್ ಹಾಕುವ ಅನುಕೂಲ ಇದೆ. 10 ಗಾಡಿವರೆಗೆ ಇದು ನಡೆಯುತ್ತದೆ. ಕಂಪನಿ ಕೆಲಸ ಮಾಡಿದರೆ ಪ್ಯಾನ್ ಜೊತೆ "ನನ್ನ ಹತ್ತಿರ ಹತ್ತಕ್ಕಿಂತ ಜಾಸ್ತಿ ಗಾಡಿ ಇಲ್ಲ" ಅಂತ ಬರೆದುಕೊಡಿ, ಟಿಡಿಎಸ್ (ಬಾಡಿಗೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಹಣ ಬಿಟ್ಟಿದ್ದಾರೆ.

ಉದ್ರಿ ಕೊಡಬೇಕಾ?

ಕೊಡದೆ ಆಗುವುದಿಲ್ಲ. ಅಂಗಡಿಯವರು ತಿಂಗಳಿಗೊಮ್ಮೆ ಲೆಕ್ಕ ಮಾಡುತ್ತಾರೆ. ಆದರೆ ಡೀಸೆಲ್ ಬಂಕಿನವರು ನಿಮಗೆ ಉದ್ರಿ ಕೊಡುವುದಿಲ್ಲ. ಹಾಗಾಗಿ ಡೀಸೆಲ್ ಹಣ ಅಡ್ವಾನ್ಸ್, ಉಳಿದದ್ದು ತಿಂಗಳಿಗೆ ಅಂತ ಕಟ್ಟು ಮಾಡಿಕೊಳ್ಳಿ. ಒಬ್ಬರ ಬಾಕಿ ಒಂದು ಕಂತಿನಷ್ಟು ಆದ ಮೇಲೆ ಮುಂದಿನ ಲೋಡ್ ನಗದು. "ಸಾವ್ಕಾರ್ರ, ಹಿಂದಿನ್ದು ಒಂದೀಟು ಮುಗಿಸಿಬಿಡ್ರಲಾ" ಅಂತ ನಗುತ್ತಾ ಕೇಳಿ, ಆದರೆ ಕೇಳಿ.

ಡ್ರೈವರ್ ಇಟ್ಟು ನಾನು ಬೇರೆ ಕೆಲಸ ಮಾಡಿಕೊಂಡಿರಬಹುದಾ?

ಒಂದೇ ಗಾಡಿಯಲ್ಲಿ ಕಷ್ಟ. ಮೇಲಿನ ಲೆಕ್ಕದಲ್ಲಿ ನಿಮ್ಮ ಕೂಲಿ ಅಂತ ಹಾಕಿದ್ದು ಪೂರ್ತಿ ಅವರಿಗೆ ಹೋಗುತ್ತದೆ. ಮೊದಲ ವರ್ಷ ನೀವೇ ಓಡಿಸಿ. ಗಿರಾಕಿಗಳು ಗಾಡಿಯನ್ನಲ್ಲ, ಓಡಿಸುವವರನ್ನು ನೆನಪಿಡುತ್ತಾರೆ.

ಎರಡನೇ ಗಾಡಿ ಯಾವಾಗ ತಗೊಳ್ಳಬೇಕು?

ನಿಮ್ಮ ಹತ್ತಿರ ಬಂದ ಬಾಡಿಗೆಯನ್ನು ಗಾಡಿ ಇಲ್ಲ ಅಂತ ಬೇರೆಯವರಿಗೆ ಕೊಡುವುದು ವಾರಕ್ಕೆ ಎರಡು ಮೂರು ಸಲ ಆಗುತ್ತಿದ್ದರೆ, ಅದೂ ಸೀಸನ್ ಅಲ್ಲದ ತಿಂಗಳಲ್ಲಿ. ಮೆಣಸಿನಕಾಯಿ ಸೀಸನ್ನಿನ ಗಡಿಬಿಡಿ ನೋಡಿ ಮಾರ್ಚಿನಲ್ಲಿ ಬುಕ್ ಮಾಡಿದ ಗಾಡಿ ಜುಲೈನಲ್ಲಿ ಮನೆ ಮುಂದೆ ನಿಂತಿರುತ್ತದೆ. ಅಲ್ಲಿಯವರೆಗೆ ಕೈಬಿಟ್ಟ ಬಾಡಿಗೆಗಳನ್ನು ತಾರೀಖು, ಊರು, ಮಾಲು ಸಮೇತ ಒಂದು ವಹಿಯಲ್ಲಿ ಬರೆಯುತ್ತಾ ಹೋಗಿ. ಬ್ಯಾಂಕಿನವರು ಕೇಳಿದಾಗ ಅದನ್ನೇ ತೋರಿಸಬಹುದು.